ಪ್ಲಾನ್ ಚೆನ್ನಾಗಿದೆ, ಸೆಕ್ಷನ್ ಎಲ್ಲಿ?

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಯಾಕೆ ಅಂತ ಕೇಳಿದರೆ ತುಂಬಾ ಜನ 'ಗಿಡ ಮರ ಅಂದ್ರೆ ಇಷ್ಟ' ಅನ್ನುತ್ತಾರೆ. ಅರ್ಬನ್ ಡಿಸೈನ್‌ಗೆ ಬರುವವರಿಗೆ ನಗರ ಸರಿಮಾಡುವ ಆಸೆ. ಇರಲಿ, ಎರಡೂ ಬೇಕಾದದ್ದೇ. ಆದರೆ ಕಾಲೇಜಿನ ಡಿಸೈನ್ ಸ್ಟುಡಿಯೋದಲ್ಲಿ ಬೆವರಿಳಿಸುವುದು ಗಿಡವೂ ಅಲ್ಲ, ನಗರವೂ ಅಲ್ಲ. ನೆಲದ ಏರುತಗ್ಗು.

ವಿದ್ಯಾರ್ಥಿಗಳ ಕೆಲಸ ತೂಗುವ ಜ್ಯೂರಿಗೆ ಕೂತಾಗ ನಾನು ಮೊದಲು ಕೇಳುವುದು ಸೆಕ್ಷನ್, ಅಂದರೆ ಅಡ್ಡ ಸೀಳಿದ ನೋಟದ ಚಿತ್ರ. ಮೇಲಿನಿಂದ ನೋಡಿದರೆ ಎಲ್ಲ ಪ್ಲಾನೂ ಚೆಂದವೇ, ಅಲ್ವಾ? ನೆಲವನ್ನು ಸೀಳಿ ಪಕ್ಕದಿಂದ ನೋಡಿದಾಗಲೇ ಬಣ್ಣ ಬಯಲಾಗೋದು.

ವಿದ್ಯಾರ್ಥಿಗಳು ತರುವ, ಪದೇ ಪದೇ ಕಾಣುವ ಒಂದು ಡ್ರಾಯಿಂಗ್ ಶೀಟ್ ಹೇಳುತ್ತೇನೆ. ನಡುವೆ ದೊಡ್ಡ ಚೌಕ, ಅದರ ತುಂಬ ಎಂಟು ಮೀಟರ್ ಅಗಲದ ಹಸಿರು ವೃತ್ತಗಳು. ಅಂದರೆ ಮರಗಳು. ಸೆಕ್ಷನ್ ಬರೆಸಿದರೆ ಕೆಳಗೆ ಪಾರ್ಕಿಂಗ್, ಅದರ ಸ್ಲ್ಯಾಬ್ ಮೇಲೆ ಬರೀ 40 ಸೆಂಟಿಮೀಟರ್ ಮಣ್ಣು. ಅಲ್ಲಿ ಹುಲ್ಲು ಬೆಳೆದೀತು, ದೊಡ್ಡ ಮರ ನಿಲ್ಲೋದಿಲ್ಲ. ಬೇರು ತುಂಬಾ ಆಳಕ್ಕೆ ಹೋಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಬಹುಪಾಲು ಬೇರು ಮೇಲಿನ ಒಂದು ಮೀಟರ್‌ನಲ್ಲೇ ಇರುತ್ತದೆ, ಆದರೆ ಕೊಂಬೆಗಳ ನೆರಳನ್ನೂ ದಾಟಿ ಹರಡುತ್ತದೆ. ಹಾಗಾಗಿ ಮಣ್ಣು ಏರಿಸಬೇಕು, ಇಲ್ಲವೇ ಅಲ್ಲಿ ಸ್ಲ್ಯಾಬ್ ತಗ್ಗಿಸಬೇಕು. ಏರಿಸಿದರೆ ಭಾರ: ಒದ್ದೆ ಮಣ್ಣು ಒಂದು ಘನ ಮೀಟರ್‌ಗೆ ಎರಡು ಟನ್ ಹತ್ತಿರ ತೂಗುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಜೊತೆ ಜಗಳ ಇಲ್ಲಿಂದ ಶುರು.

ರ‍್ಯಾಂಪ್ ಕಥೆಯೂ ಇದೇ. ಒಂದಕ್ಕೆ ಹನ್ನೆರಡರ ಇಳಿಜಾರಿನಲ್ಲಿ 60 ಸೆಂಟಿಮೀಟರ್ ಏರಲು 7.2 ಮೀಟರ್ ಉದ್ದ ಬೇಕು. ಶೀಟ್‌ನಲ್ಲಿ ಮೂರು ಮೀಟರ್ ಬಿಟ್ಟಿರುತ್ತಾರೆ.

ಇದನ್ನು ಕಲಿಯಲು ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ಗಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ. ಪಾರ್ಕನ್ನು ಅಡ್ಡ ಹಾಯುವ ನಾಲ್ಕು ರಸ್ತೆ ಇರಲೇಬೇಕು ಅನ್ನೋದು ಅದರ ವಿನ್ಯಾಸ ಸ್ಪರ್ಧೆಯ ಷರತ್ತು. 1858ರಲ್ಲಿ ಗೆದ್ದ ವಿನ್ಯಾಸಕಾರರಾದ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಆ ರಸ್ತೆಗಳನ್ನು ನೆಲಕ್ಕಿಂತ ತಗ್ಗಿಗೆ ಇಳಿಸಿಬಿಟ್ಟರು. ಗಾಡಿ ಕೆಳಗೆ, ನಡೆಯುವವರು ಮೇಲೆ. ಪ್ಲಾನ್‌ನಲ್ಲಿ ಅವು ಸುಮ್ನೆ ನಾಲ್ಕು ಗೆರೆ. ಜಾಣತನ ಪೂರ್ತಿ ಸೆಕ್ಷನ್‌ನಲ್ಲಿದೆ. ಅದು ಲ್ಯಾಂಡ್‌ಸ್ಕೇಪೋ ಅರ್ಬನ್ ಡಿಸೈನೋ ಅಂತ ಯಾರಾದರೂ ಬೇರ್ಪಡಿಸಿ ತೋರಿಸಲಿ, ನೋಡೋಣ.

ವಿಶ್ವವಿದ್ಯಾಲಯಗಳು ಮಾತ್ರ ಬೇರ್ಪಡಿಸಿವೆ. ಹಾರ್ವರ್ಡ್‌ನಲ್ಲಿ ಲ್ಯಾಂಡ್‌ಸ್ಕೇಪ್ ಕೋರ್ಸ್ ಶುರುವಾದದ್ದು 1900ರಲ್ಲಿ, ಅರ್ಬನ್ ಡಿಸೈನ್ ಪದವಿ 1960ರಲ್ಲಿ. ಈಗಲೂ ಅರ್ಬನ್ ಡಿಸೈನ್ ಹೆಚ್ಚಾಗಿ ಸ್ನಾತಕೋತ್ತರ ಹಂತದಲ್ಲೇ ಸಿಗುತ್ತದೆ.

ಕೋರ್ಸ್ ಆರಿಸುವಾಗ ಸಾಫ್ಟ್‌ವೇರ್ ಪಟ್ಟಿ ನೋಡಿ ಮರುಳಾಗಬೇಡಿ. ಅದನ್ನು ಮನೆಯಲ್ಲೇ ಕಲಿಯಬಹುದು. ಗ್ರೇಡಿಂಗ್ (ನೆಲದ ಮಟ್ಟ ತಿದ್ದುವುದು), ಮಣ್ಣು, ಮಳೆನೀರಿನ ಲೆಕ್ಕ ಯಾವ ಸೆಮಿಸ್ಟರ್‌ನಲ್ಲಿದೆ, ಸೈಟ್‌ನಲ್ಲಿ ಕೆಲಸ ಮಾಡಿದವರು ಅದನ್ನು ಹೇಳಿಕೊಡುತ್ತಾರಾ ಅಂತ ಕೇಳಿ. ನಿಮ್ಮ ಪೋರ್ಟ್‌ಫೋಲಿಯೋದಲ್ಲಿ ಹತ್ತು ರೆಂಡರ್ (ಕಂಪ್ಯೂಟರ್‌ನಲ್ಲಿ ಮಾಡಿದ ಬಣ್ಣದ ಚಿತ್ರ) ಜೊತೆ ಒಂದಾದರೂ ಸೆಕ್ಷನ್ ಇರಲಿ. ಮಟ್ಟಗಳನ್ನು ಬರೆದು, ನೀರು ಯಾವ ಕಡೆ ಹರಿಯುತ್ತದೆ ಅಂತ ಬಾಣ ಹಾಕಿ. ನಾವು ಮೊದಲು ಬೆರಳಿಡುವುದು ಅಲ್ಲೇ.