ಮುಂದಿನ ಹಲ್ಲು ಅಲ್ಲಾಡುವಾಗ ಹಿಂದೆಯೂ ನೋಡಿ

ಆರು ವರ್ಷದ ಮಗುವಿನ ಕೆಳಗಿನ ಬಾಚಿಹಲ್ಲು ಅಲ್ಲಾಡತೊಡಗಿತೆಂದರೆ ಮನೆಯಲ್ಲೆಲ್ಲ ಅದೇ ಸುದ್ದಿ. ಮಗು ದಿನವಿಡೀ ಅದನ್ನು ನಾಲಿಗೆಯಿಂದ ತಳ್ಳುತ್ತಿರುತ್ತದೆ, ಬಂದವರಿಗೆಲ್ಲ ಬಾಯಿ ತೆರೆದು ತೋರಿಸುತ್ತದೆ, ಅಜ್ಜಿ ಫೋಟೊ ಕಳಿಸಿ ಎನ್ನುತ್ತಾರೆ. ಸರಿಸುಮಾರು ಅದೇ ಹೊತ್ತಿಗೆ ಬಾಯಿಯ ತೀರಾ ಹಿಂದೆ, ಕೊನೆಯ ಹಾಲುಹಲ್ಲಿನ ಆಚೆ, ಒಂದು ದಪ್ಪ ದವಡೆಹಲ್ಲು ವಸಡು ಸೀಳಿಕೊಂಡು ಸದ್ದಿಲ್ಲದೆ ಮೇಲೇಳುತ್ತಿರುತ್ತದೆ. ಅದಕ್ಕೆ ಜಾಗ ಬಿಡಲು ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಅದು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಎರಡು ಮೂರು ವರ್ಷ ಕಳೆದು ಅದು ಹುಳುಕಾಗಿ ನೋವು ಶುರುವಾದಾಗ ನಮ್ಮ ಮುಂದೆ ಬರುವ ಮಾತು ಒಂದೇ: “ಹಾಲುಹಲ್ಲು ತಾನೇ ಡಾಕ್ಟ್ರೇ, ಹೇಗಿದ್ರೂ ಬಿದ್ದುಹೋಗುತ್ತಲ್ವಾ?” ಅದು ಹಾಲುಹಲ್ಲಲ್ಲ. ಕಳೆದುಕೊಂಡರೆ ಅದರ ಜಾಗಕ್ಕೆ ಬೇರೊಂದು ಬರುವುದೂ ಇಲ್ಲ.

ಗುರುತಿಸುವುದು ಸುಲಭ, ಎಣಿಸಿದರೆ ಸಾಕು. ಹಾಲುಹಲ್ಲು ಒಟ್ಟು 20. ಮೇಲೆ 10, ಕೆಳಗೆ 10. ಮುಂದಿನ ಎರಡು ಹಲ್ಲುಗಳ ನಡುವಿನ ಗೆರೆಯಿಂದ ಒಂದು ಬದಿಗೆ ಎಣಿಸುತ್ತ ಹೋಗಿ. ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ದವಡೆಹಲ್ಲು, ಅಲ್ಲಿಗೆ ಐದು. ಬಿದ್ದ ಹಲ್ಲಿನ ಖಾಲಿ ಜಾಗವನ್ನೂ ಒಂದು ಎಂದೇ ಲೆಕ್ಕ ಹಿಡಿಯಿರಿ. ಐದರ ಆಚೆ ಆರನೆಯದೊಂದು ಕಂಡರೆ, ವಸಡಿನಿಂದ ಬಿಳಿ ತುದಿಯಷ್ಟೇ ಇಣುಕುತ್ತಿದ್ದರೂ, ಅದು ಶಾಶ್ವತ ಹಲ್ಲು. ಸಾಮಾನ್ಯವಾಗಿ 6ರಿಂದ 7ನೇ ವಯಸ್ಸಿನಲ್ಲಿ ನಾಲ್ಕು ಮೂಲೆಯಲ್ಲೂ ಒಂದೊಂದು ಬರುತ್ತದೆ. ಮೊಬೈಲಿನ ಟಾರ್ಚ್ ಹಾಕಿ ತಿಂಗಳಿಗೊಮ್ಮೆ ನೋಡಿದರೆ ತಪ್ಪಿಸಿಕೊಳ್ಳಲಾರದು.

ಇದು ಬೇಗ ಹುಳುಕಾಗುವುದಕ್ಕೆ ಕಾರಣಗಳಿವೆ. ವಸಡು ಸೀಳಿದ ದಿನದಿಂದ ಎದುರಿನ ಹಲ್ಲಿಗೆ ತಾಗುವ ಎತ್ತರಕ್ಕೆ ಬೆಳೆಯಲು ಅದು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೂ ಪಕ್ಕದ ಹಾಲುಹಲ್ಲಿಗಿಂತ ಒಂದು ಮೆಟ್ಟಿಲು ಕೆಳಗೇ ಕೂತಿರುತ್ತದೆ. ಬ್ರಷ್ಷನ್ನು ಹಿಂದೆ ಮುಂದೆ ಆಡಿಸಿದರೆ ಎಳೆಗಳು ಎತ್ತರದ ಹಲ್ಲಿನ ಮೇಲಷ್ಟೇ ಓಡಾಡುತ್ತವೆ, ತಗ್ಗಿನಲ್ಲಿರುವುದಕ್ಕೆ ಮುಟ್ಟುವುದೇ ಇಲ್ಲ. ಅಗಿಯುವಾಗ ಹಲ್ಲಿಗೆ ಹಲ್ಲು ಉಜ್ಜಿ ಆಗಬೇಕಾದ ಸ್ವಚ್ಛತೆಯೂ ಆಗದು. ಹಿಂಭಾಗದ ಮೇಲೆ ವಸಡಿನ ಒಂದು ತುಣುಕು ಮುಚ್ಚಳದಂತೆ ಕೂತಿದ್ದು, ಅದರಡಿ ತಿಂದದ್ದು ಸಿಕ್ಕಿಕೊಳ್ಳುತ್ತದೆ. ಜೊತೆಗೆ ಆ ಹಲ್ಲಿನ ಮೇಲ್ಮೈಯ ಗೀರುಗಳು ಬ್ರಷ್ಷಿನ ಎಳೆಯೇ ಇಳಿಯದಷ್ಟು ಕಿರಿದು, ಆಳ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕೂಡ ಹೊಸದು. ಬಾಯಿಗೆ ಬಂದ ಮೇಲೆ ಉಗುಳಿನ ಖನಿಜಾಂಶ ಹೀರಿಕೊಂಡು ಗಟ್ಟಿಯಾಗಲು ಅದಕ್ಕೆ ಕಾಲ ಬೇಕು.

ಆದ್ದರಿಂದ ಈ ಅವಧಿಯಲ್ಲಿ ಬ್ರಷ್ ಹಿಡಿಯುವ ರೀತಿಯೇ ಬೇರೆ. ಮಗುವಿನ ಹಿಂದೆ ನಿಂತು ಅದರ ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಳ್ಳಿ. ಬಾಯಿ ಪೂರ್ತಿ ತೆರೆಸಬೇಡಿ. ಪೂರ್ತಿ ತೆರೆದರೆ ಕೆನ್ನೆ ಬಿಗಿದು ಹಿಂದೆ ಜಾಗವೇ ಉಳಿಯದು. ಅರ್ಧ ತೆರೆದ ಬಾಯಿಯಲ್ಲಿ ತೋರುಬೆರಳಿಂದ ಕೆನ್ನೆಯನ್ನು ಪಕ್ಕಕ್ಕೆ ಸರಿಸಿ, ಬ್ರಷ್ಷನ್ನು ತುಟಿಯ ಮೂಲೆಯಿಂದ ಅಡ್ಡಲಾಗಿ ತೂರಿಸಿ. ಹಲ್ಲಿನ ಸಾಲಿಗೆ ಬ್ರಷ್ ಅಡ್ಡವಾಗಿರಬೇಕು. ಎಳೆಗಳು ಆ ಒಂದೇ ಹಲ್ಲಿನ ಮೇಲೆ ಕೂತ ಮೇಲೆ ಕೆನ್ನೆಯಿಂದ ನಾಲಿಗೆಯ ಕಡೆಗೆ ಎಂಟು ಹತ್ತು ಸಲ ಸಣ್ಣದಾಗಿ ಆಡಿಸಿ. ನಾಲ್ಕು ಹಲ್ಲಿಗೆ ಅರ್ಧ ನಿಮಿಷ ಸಾಕು. ಉಳಿದ ಹಲ್ಲುಗಳನ್ನು ಆಮೇಲೆ ಎಂದಿನಂತೆ ಉಜ್ಜಿ, ಒಟ್ಟು ಎರಡು ನಿಮಿಷ. ವಸಡಿನ ಮುಚ್ಚಳದಿಂದ ತುಸು ರಕ್ತ ಬಂದರೆ ಗಾಬರಿಬಿದ್ದು ಆ ಜಾಗ ಬಿಟ್ಟುಬಿಡುವವರೇ ಹೆಚ್ಚು. ಸಾಮಾನ್ಯವಾಗಿ ರಕ್ತ ಬರುವುದು ಅಲ್ಲಿ ಕೊಳೆ ನಿಂತು ವಸಡು ಊದಿರುವುದರಿಂದ. ಮೆದುವಾಗಿ ಉಜ್ಜುತ್ತ ಹೋದರೆ ನಿಲ್ಲುತ್ತದೆ.

ಪೇಸ್ಟಿನಲ್ಲಿ ಫ್ಲೋರೈಡ್ ಇರಲೇಬೇಕು, ಕಡಿಮೆಯೆಂದರೆ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ). ಕೊಳವೆಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ ನೋಡಿ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಕಾಳಿನಷ್ಟು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಹಚ್ಚಬೇಡಿ. ಉಜ್ಜಿದ ಮೇಲೆ ನೊರೆ ಉಗುಳಿಸಿ, ಆದರೆ ನೀರು ಹಾಕಿ ಬಾಯಿ ಮುಕ್ಕಳಿಸಬೇಡಿ. ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡೂ ತೊಳೆದುಹೋಗುತ್ತದೆ. ದಿನಕ್ಕೆ ಎರಡು ಸಲ ಉಜ್ಜಬೇಕು. ಒಂದು ದಿನ ಬೆಳಿಗ್ಗೆ ತಪ್ಪಿದರೂ ರಾತ್ರಿಯದು ತಪ್ಪಬಾರದು, ಏಕೆಂದರೆ ನಿದ್ದೆಯಲ್ಲಿ ಉಗುಳು ತೀರಾ ಕಡಿಮೆಯಾಗುತ್ತದೆ. “ಅವನೇ ಉಜ್ಜಿಕೊಳ್ತಾನೆ” ಎಂಬ ಹೆಮ್ಮೆಯನ್ನು ಏಳೆಂಟು ವರ್ಷದವರೆಗೆ ಮುಂದೂಡಿ. ಮೊದಲು ಮಗು ಉಜ್ಜಲಿ, ಆಮೇಲೆ ನೀವೊಮ್ಮೆ ಉಜ್ಜಿ.

ಹಲ್ಲು ಪೂರ್ತಿ ಮೇಲೆ ಬಂದ ಕೂಡಲೇ ಸೀಲಂಟ್ ಹಾಕಿಸುವುದು ಒಳ್ಳೆಯದು. ಗೀರುಗಳೊಳಗೆ ತೆಳು ರಾಳವನ್ನು ಹರಿಯಬಿಟ್ಟು ನೀಲಿ ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಸೂಜಿಯಿಲ್ಲ, ಕೊರೆಯುವುದಿಲ್ಲ, ಒಂದೊಂದು ಹಲ್ಲಿಗೆ ಕೆಲವೇ ನಿಮಿಷ. ಆದರೆ ಹಲ್ಲು ಒಣಗಿರಬೇಕು. ಉಗುಳು ತಾಗಿದರೆ ರಾಳ ಹಿಡಿಯದೆ ಕೆಲವೇ ತಿಂಗಳಲ್ಲಿ ಕಳಚಿಬರುತ್ತದೆ. ವಸಡಿನ ಮುಚ್ಚಳ ಸರಿಯುವವರೆಗೆ ಕಾಯಿರಿ ಎಂದು ವೈದ್ಯರು ಹೇಳುವುದು ಅದಕ್ಕೇ. ಅಲ್ಲಿಯವರೆಗೆ ಫ್ಲೋರೈಡ್ ವಾರ್ನಿಶ್ ಹಚ್ಚಿಸಬಹುದು. ಸೀಲಂಟ್ ಹಾಕಿಸಿದ ಮೇಲೂ ತಪಾಸಣೆಗೆ ಹೋಗುತ್ತಿರಿ. ಒಂದು ಮೂಲೆ ಎದ್ದಿದ್ದರೆ ಅದರಡಿಯೇ ಹುಳುಕು ಶುರುವಾಗಬಹುದು. ಇನ್ನೊಂದು ಸೂಚನೆ: ಕೆಲವು ಮಕ್ಕಳಲ್ಲಿ ಈ ಹಲ್ಲು ಬರುವಾಗಲೇ ಅದರ ಮೇಲೆ ಕೆನೆಬಣ್ಣದ ಅಥವಾ ಕಂದು ಮಚ್ಚೆ ಇರುತ್ತದೆ, ತಣ್ಣನೆಯದು ತಾಗಿದರೆ ಮಗು ಮುಖ ಹಿಂಡುತ್ತದೆ, ಉಜ್ಜಲು ಬಿಡುವುದಿಲ್ಲ. ಅದನ್ನು ಹಟ ಎಂದುಕೊಳ್ಳಬೇಡಿ. ಎನಾಮಲ್ ಸರಿಯಾಗಿ ಖನಿಜಗಟ್ಟದೆ ಬಂದ ಹಲ್ಲದು. ಅಗಿಯುವ ಒತ್ತಡಕ್ಕೇ ಪುಡಿಯಾಗಬಹುದಾದ್ದರಿಂದ ಆರು ತಿಂಗಳ ತಪಾಸಣೆಗೆ ಕಾಯದೆ ಬೇಗ ತೋರಿಸಿ.

ಇನ್ನು ಎಲ್ಲರೂ ನೋಡುವ ಮುಂದಿನ ಹಲ್ಲಿಗೆ ಬರೋಣ. ಅದು ಅಲ್ಲಾಡುವುದು ಅದರ ಬೇರು ಕರಗುತ್ತಿರುವುದರಿಂದ. ಕೆಳಗಿನಿಂದ ಶಾಶ್ವತ ಹಲ್ಲು ಮೇಲೇರುತ್ತಿದ್ದಂತೆ ವಿಶೇಷ ಜೀವಕೋಶಗಳು ಹಾಲುಹಲ್ಲಿನ ಬೇರನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತ ಬರುತ್ತವೆ. ಬಿದ್ದ ಹಲ್ಲನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ: ಬೇರೇ ಇರುವುದಿಲ್ಲ, ಕೆಳಗೆ ಟೊಳ್ಳಾದ ಸಣ್ಣ ಬಟ್ಟಲಿನಂತಿರುತ್ತದೆ. ಬೇರು ಮುರಿದು ಒಳಗೇ ಉಳಿಯಿತೇನೋ ಎಂದು ಹೆದರಬೇಕಿಲ್ಲ.

ದಾರ ಕಟ್ಟಿ ಎಳೆಯುವ ಆಟ ಬೇಡ. ಬೇರು ಅರ್ಧವೇ ಕರಗಿದ್ದಾಗ ಎಳೆದರೆ ನೋವು ಜಾಸ್ತಿ, ಬೇರಿನ ಚೂರು ಒಳಗೆ ಉಳಿಯುವುದು ಆಗಲೇ. ನನ್ನ ಆಕ್ಷೇಪ ಅದಕ್ಕಿಂತ ಹೆಚ್ಚಾಗಿ ಭಯದ ವಿಷಯದಲ್ಲಿದೆ. ಅಂದು ಹುಟ್ಟಿದ ಹೆದರಿಕೆ ಮುಂದೆ ದಂತವೈದ್ಯರ ಕುರ್ಚಿಯವರೆಗೂ ಹಿಂಬಾಲಿಸುತ್ತದೆ. ಮಗು ತನ್ನ ನಾಲಿಗೆಯಿಂದಲೋ ತೊಳೆದ ಬೆರಳಿಂದಲೋ ಆಡಿಸಿಕೊಳ್ಳಲಿ. ನಾಲ್ಕೂ ದಿಕ್ಕಿಗೆ ವಾಲಿ ಒಂದೇ ಎಳೆಯಲ್ಲಿ ನೇತಾಡುತ್ತಿದ್ದರೆ, ಮಗು ಒಪ್ಪಿದರೆ ಮಾತ್ರ, ಶುಭ್ರ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುವಿ ತೆಗೆಯಬಹುದು. ಆಮೇಲೆ ಒದ್ದೆ ಮಾಡಿದ ಶುಭ್ರ ಬಟ್ಟೆಯನ್ನು ಮಡಚಿ ಆ ಜಾಗದಲ್ಲಿ ಹತ್ತು ನಿಮಿಷ ಕಚ್ಚಿಸಿ. ಎರಡು ನಿಮಿಷಕ್ಕೊಮ್ಮೆ ತೆಗೆದು ನೋಡುತ್ತಿದ್ದರೆ ಹೆಪ್ಪುಗಟ್ಟಿದ್ದು ಕಿತ್ತುಬಂದು ರಕ್ತ ನಿಲ್ಲುವುದೇ ಇಲ್ಲ. ನಿದ್ದೆಯಲ್ಲಿ ನುಂಗಿಬಿಟ್ಟರೆ ಚಿಂತೆ ಬೇಡ, ತಾನಾಗಿ ಹೊರಗೆ ಹೋಗುತ್ತದೆ. ಆದರೆ ಹಲ್ಲು ಕಾಣೆಯಾದ ಹೊತ್ತಿಗೇ ಬಿಡದ ಕೆಮ್ಮು, ಉಸಿರಿನಲ್ಲಿ ಸೀಟಿ ಶಬ್ದ ಶುರುವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅದು ಶ್ವಾಸನಾಳಕ್ಕೆ ಇಳಿದಿರಬಹುದು.

ಹಾಲುಹಲ್ಲು ಬೀಳುವ ಮೊದಲೇ ಅದರ ಹಿಂದೆ ಹೊಸದು ಹುಟ್ಟಿ ಎರಡು ಸಾಲಾದದ್ದು ನೋಡಿ ಗಾಬರಿಯಾಗಿ ಓಡಿಬರುವವರು ಬಹಳ. ಕೆಳಗಿನ ಬಾಚಿಹಲ್ಲುಗಳು ಬೆಳೆಯುವುದೇ ಹಾಲುಹಲ್ಲಿನ ಹಿಂಬದಿಯಲ್ಲಿ, ಆದ್ದರಿಂದ ಇದು ತೀರಾ ಸಾಮಾನ್ಯ. ಹಾಲುಹಲ್ಲು ಅಲ್ಲಾಡುತ್ತಿದ್ದರೆ ಎರಡು ಮೂರು ತಿಂಗಳು ಕಾಯಬಹುದು. ಅದು ಬಿದ್ದ ಮೇಲೆ ನಾಲಿಗೆಯೇ ಹೊಸದನ್ನು ಮುಂದಕ್ಕೆ ತಳ್ಳುತ್ತದೆ. ಹೊಸದು ಅರ್ಧ ಬಂದಿದ್ದರೂ ಹಳೆಯದು ಕಲ್ಲಿನಂತೆ ಕೂತಿದ್ದರೆ ಮಾತ್ರ ತೆಗೆಸಬೇಕು. ಮೇಲ್ದವಡೆಯಲ್ಲಿ ಹೀಗಾದರೆ ಕಾಯುವುದು ಬೇಡ. ಅಲ್ಲಿ ಹೊಸ ಹಲ್ಲು ಕೆಳಗಿನ ಹಲ್ಲುಗಳ ಹಿಂದೆ ಸಿಕ್ಕಿಕೊಂಡರೆ ತಾನಾಗಿ ಮುಂದೆ ಬರಲಾರದು.

ಹೊಸ ಹಲ್ಲು ಹಳದಿ ಎಂಬ ದೂರಿಗೆ ಉತ್ತರ ಚಿಕ್ಕದು. ಶಾಶ್ವತ ಹಲ್ಲಿನ ಬಣ್ಣವೇ ಹಾಗೆ. ಒಳಗಿನ ಹಳದಿ ಡೆಂಟಿನ್ ಹೊರಗೆ ಇಣುಕುತ್ತದೆ, ಪಕ್ಕದಲ್ಲಿ ಹಾಲುಬಿಳುಪಿನ ಹಲ್ಲಿರುವುದರಿಂದ ಇನ್ನಷ್ಟು ಎದ್ದು ಕಾಣುತ್ತದೆ. ಅಂಚು ಗರಗಸದಂತಿರುವುದೂ ಸಹಜ, ಕಚ್ಚುತ್ತ ಕಚ್ಚುತ್ತ ಸವೆದು ನೇರವಾಗುತ್ತದೆ. ಮುಂದಿನ ಹಲ್ಲು ಬಿದ್ದ ಮಗು ‘ಸೂರ್ಯ’ ಎನ್ನಲು ಹೋಗಿ ‘ಥೂರ್ಯ’ ಎನ್ನುತ್ತಿದ್ದರೆ ತಿದ್ದಲು ಹೋಗಬೇಡಿ, ಹಲ್ಲು ಬಂದ ಮೇಲೆ ಸರಿಹೋಗುತ್ತದೆ.

ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದು ಬಿಟ್ಟು, ಬೀಸಣಿಗೆಯ ಕಡ್ಡಿಗಳ ಹಾಗೆ ಆಚೀಚೆ ವಾಲಿದ್ದರೆ “ಈಗಲೇ ಕ್ಲಿಪ್ ಹಾಕಿಸಬೇಕಾ?” ಎಂಬ ಪ್ರಶ್ನೆ ಬರುತ್ತದೆ. ಎಂಟರಿಂದ ಹನ್ನೊಂದು ವರ್ಷದವರೆಗೆ ಇದು ಬೆಳವಣಿಗೆಯ ಒಂದು ಹಂತ. ದವಡೆಯ ಮೂಳೆಯೊಳಗಿರುವ ಕೋರೆಹಲ್ಲುಗಳು ಪಕ್ಕದ ಬಾಚಿಹಲ್ಲಿನ ಬೇರನ್ನು ಒತ್ತುತ್ತಿರುತ್ತವೆ, ಅದಕ್ಕೇ ಹಲ್ಲಿನ ಹೊರಗೆ ಕಾಣುವ ಭಾಗ ಆಚೆಗೆ ವಾಲುತ್ತದೆ. ಹನ್ನೊಂದು ಹನ್ನೆರಡರಲ್ಲಿ ಕೋರೆ ಇಳಿದುಬಂದಾಗ ಸಣ್ಣ ಸಂದು ಬಹುಪಾಲು ತಾನೇ ಮುಚ್ಚುತ್ತದೆ. ಅಷ್ಟರೊಳಗೆ ಆತುರಪಟ್ಟು ಆ ಹಲ್ಲುಗಳನ್ನು ಎಳೆದು ಸೇರಿಸಿದರೆ ಪಕ್ಕದ ಬೇರಿಗೆ ಪೆಟ್ಟು ಬೀಳಬಹುದು. ನಿಜವಾಗಿ ತೋರಿಸಬೇಕಾದದ್ದು ಎಡಬಲದ ವ್ಯತ್ಯಾಸ. ಒಂದು ಬದಿಯ ಹಲ್ಲು ಬಂದು ಆರು ತಿಂಗಳು ಮೀರಿದರೂ ಅದರ ಜೋಡಿ ಕಾಣದಿದ್ದರೆ ಎಕ್ಸ್‌ರೇ ತೆಗೆಸಿ. ದಾರಿಗೆ ಅಡ್ಡವಾಗಿ ಹೆಚ್ಚುವರಿ ಹಲ್ಲೊಂದು ಇರಬಹುದು, ಅಥವಾ ಆ ಹಲ್ಲು ಹುಟ್ಟಿಯೇ ಇರದಿರಬಹುದು.

ಎಂಟರ ಹೊತ್ತಿಗೆ ಮುಂದಿನ ಎಂಟು ಹಲ್ಲು ಬದಲಾಗಿ, ಆಮೇಲೆ ಒಂದೆರಡು ವರ್ಷ ಏನೂ ಬೀಳುವುದಿಲ್ಲ. ಈ ವಿರಾಮ ಸಹಜ. ಹಾಲಿನ ದವಡೆಹಲ್ಲುಗಳು ಬೀಳುವುದು ಒಂಬತ್ತರಿಂದ ಹನ್ನೆರಡರ ನಡುವೆ. ಅಂದರೆ ಆರರ ವಯಸ್ಸಿನಲ್ಲಿ ಅವು ಹುಳುಕಾದರೆ ಇನ್ನೂ ನಾಲ್ಕೈದು ವರ್ಷ ಕೆಲಸ ಮಾಡಬೇಕಾದ ಹಲ್ಲುಗಳವು. ಮುಖ್ಯವಾಗಿ ಐದನೆಯದು. ಅದನ್ನು ಬೇಗ ಕೀಳಿಸಿದರೆ ಹಿಂದಿನ ಆರನೆಯ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಕೆಳಗೆ ಕಾದಿರುವ ಹಲ್ಲಿಗೆ ಬರಲು ದಾರಿ ಇಲ್ಲದಾಗುತ್ತದೆ. ಹಲ್ಲು ಸೊಟ್ಟಗಾಗುವ ಕಥೆ ಎಷ್ಟೋ ಸಲ ಶುರುವಾಗುವುದು ಇಲ್ಲಿಂದ. ತುಂಬಿಸಿ, ಬೇಕಾದರೆ ಕ್ಯಾಪ್ ಹಾಕಿಸಿ ಉಳಿಸಿಕೊಳ್ಳಿ. ತೆಗೆಯುವುದೇ ಅನಿವಾರ್ಯವಾದರೆ ಜಾಗ ಕಾಯಲು ತಂತಿಯ ಬಳೆ ಕೂರಿಸಬೇಕೇ ಎಂದು ಆ ದಿನವೇ ಕೇಳಿ. ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಬಂದುಹೋಗುತ್ತಿದ್ದರೆ ನೋವಿಲ್ಲ ಎಂದು ಸುಮ್ಮನಿರಬೇಡಿ. ಬೇರಿನ ಕೀವು ಹೊರಹೋಗುವ ದಾರಿಯದು, ಕೀವು ಹರಿದುಹೋಗುವುದರಿಂದಲೇ ನೋವಿಲ್ಲ.

ಓಡಿ ಬೀಳುವ ವಯಸ್ಸಾದ್ದರಿಂದ ಇದೂ ನೆನಪಿರಲಿ. ಬಿದ್ದ ಪೆಟ್ಟಿಗೆ ಶಾಶ್ವತ ಹಲ್ಲು ಪೂರ್ತಿ ಕಿತ್ತುಬಂದರೆ ಬೇರನ್ನು ಮುಟ್ಟದೆ ಬಿಳಿಯ ಭಾಗ ಹಿಡಿದು ಎತ್ತಿಕೊಳ್ಳಿ. ಮಣ್ಣಾಗಿದ್ದರೆ ಹಾಲಿನಲ್ಲೋ ಹರಿವ ನೀರಿನಲ್ಲೋ ಕೆಲವೇ ಸೆಕೆಂಡು ತೊಳೆಯಿರಿ, ಉಜ್ಜಬೇಡಿ. ಹಲ್ಲಿನ ಮುಂಬದಿ ಮುಂದಕ್ಕೇ ಬರುವಂತೆ ಅದೇ ಗುಳಿಯಲ್ಲಿ ಕೂರಿಸಿ, ಬಟ್ಟೆ ಕಚ್ಚಿಸಿಕೊಂಡು ದಂತವೈದ್ಯರಲ್ಲಿಗೆ ಹೊರಡಿ. ಕೂರಿಸಲು ಧೈರ್ಯ ಸಾಲದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ಒಯ್ಯಿರಿ. ಟಿಶ್ಯೂ ಕಾಗದದಲ್ಲಿ ಸುತ್ತಿ ತರುವುದು ಸಾಮಾನ್ಯ ತಪ್ಪು. ಒಣಗಿದರೆ ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ. ಅರ್ಧ ಗಂಟೆಯೊಳಗೆ ಕೂರಿಸಿದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ, ಒಂದು ಗಂಟೆ ಒಣಗಿಟ್ಟರೆ ತುಂಬ ಕಡಿಮೆ. ಹಾಲುಹಲ್ಲಾದರೆ ಮಾತ್ರ ಮರಳಿ ಕೂರಿಸಬಾರದು, ಕೆಳಗಿರುವ ಹೊಸ ಹಲ್ಲಿನ ಮೊಳಕೆಗೆ ಏಟಾಗುತ್ತದೆ. ಮಗುವಿಗೆ ಪ್ರಜ್ಞೆ ತಪ್ಪಿದ್ದರೆ ಅಥವಾ ವಾಂತಿಯಾಗುತ್ತಿದ್ದರೆ ಹಲ್ಲಿನ ವಿಷಯ ಆಮೇಲೆ, ಮೊದಲು ಆಸ್ಪತ್ರೆ.

ಹನ್ನೆರಡರ ಆಸುಪಾಸಿನಲ್ಲಿ ಇನ್ನೊಂದು ದವಡೆಹಲ್ಲು ಬರುತ್ತದೆ. ಮತ್ತೆ ಹಿಂದೆಯೇ, ಮತ್ತೆ ಯಾವುದೂ ಬೀಳದೆ, ಮತ್ತೆ ಅದೇ ಆಳದ ಗೀರುಗಳೊಂದಿಗೆ. ಅಷ್ಟರಲ್ಲಿ ಮಕ್ಕಳು ಬಚ್ಚಲಿನ ಬಾಗಿಲು ಹಾಕಿಕೊಂಡು ತಾವೇ ಹಲ್ಲುಜ್ಜತೊಡಗಿರುತ್ತಾರೆ, ಬಾಯಿ ತೆರೆದು ತೋರಿಸು ಎಂದರೆ ಸಿಡುಕುತ್ತಾರೆ. ಟಾರ್ಚನ್ನೂ ಬ್ರಷ್ಷನ್ನೂ ಅವರ ಕೈಗೇ ಕೊಟ್ಟು, ಕನ್ನಡಿಯ ಮುಂದೆ ಏಳರವರೆಗೆ ಎಣಿಸಲು ಹೇಳಿಕೊಡಿ.