ಗಾಡಿಗೆ ಸ್ಟಿಕ್ಕರ್ ಅಂಟಿಸುವ ಮುಂಚೆ ಆರ್‌ಸಿ ತೆಗೆದು ನೋಡಿ

ನಮ್ಮ ಅಂಗಡಿಗೆ ಗಾಡಿ ತಂದವರು ಮೊದಲು ತೋರಿಸುವುದು ಮೊಬೈಲ್‌ನಲ್ಲಿರುವ ಡಿಸೈನ್. ನಾನು ಮೊದಲು ಕೇಳುವುದು ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ. "ಸ್ಟಿಕ್ಕರ್‌ಗೂ ಆರ್‌ಸಿಗೂ ಏನಣ್ಣ ಸಂಬಂಧ?" ಅಂತ ಹಲವರು ಕೇಳುತ್ತಾರೆ. ಸಂಬಂಧ ಇದೆ. ನಾನು ಅದನ್ನು ಕಲಿತದ್ದು ಒಬ್ಬ ಬೇಕರಿಯವರ ಗಾಡಿಯಿಂದ.

ಅದು ಬಿಳಿ ಬಣ್ಣದ ಟಾಟಾ ಏಸ್. ಹಿಂದೆ ಮುಚ್ಚಿದ ಬಾಡಿ. ಇಡೀ ಗಾಡಿ ಕೆಂಪಾಗಬೇಕು, ಮೇಲೆ ಹಳದಿ ಅಕ್ಷರ ಬರಬೇಕು ಅಂದರು. ಮಾಡಿಕೊಟ್ಟೆ. ಕ್ಯಾಬಿನ್, ಬಾಗಿಲು, ಬಾಡಿ ಎಲ್ಲ ಕೆಂಪು. ನೋಡೋಕೆ ಚೆಂದವೇ ಇತ್ತು. ಐದಾರು ತಿಂಗಳಾದ ಮೇಲೆ ಎಫ್‌ಸಿಗೆ (ಗಾಡಿ ಓಡಿಸಲು ಫಿಟ್ ಇದೆ ಅನ್ನುವ ಪತ್ರಕ್ಕೆ) ಹೋದಾಗ ಇನ್‌ಸ್ಪೆಕ್ಟರ್ ಒಮ್ಮೆ ಆರ್‌ಸಿ ನೋಡಿದರು, ಒಮ್ಮೆ ಗಾಡಿ ನೋಡಿದರು. ದಾಖಲೆಯಲ್ಲಿ ಬಿಳಿ, ಕಣ್ಣೆದುರು ಕೆಂಪು. ವಾಪಸ್ ಕಳಿಸಿದರು. ಅವರು ಮಾಡಿದ್ದು ಸರಿ, ತಪ್ಪು ನನ್ನದು. ಹೀಟ್ ಗನ್ ಹಿಡಿದು ಅಷ್ಟೂ ವಿನೈಲ್ ಸ್ಟಿಕ್ಕರನ್ನು ನಾನೇ ಕಿತ್ತೆ. ಎರಡು ದಿನ ಅವರ ಬ್ರೆಡ್ಡು ಬನ್ನು ಬಾಡಿಗೆ ಆಟೋದಲ್ಲಿ ಹೋಯಿತು. ನಾನು ದುಡ್ಡು ವಾಪಸ್ ಕೊಟ್ಟೆ. ಆದರೆ ಹೋದ ಎರಡು ದಿನ ಕೊಡೋಕೆ ಆಗಲಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುವುದು ಇಷ್ಟು: ಆರ್‌ಸಿಯಲ್ಲಿ ಬರೆದಿರುವ ವಿವರ ಬದಲಾಗುವ ಹಾಗೆ ಮಾಲೀಕರು ಗಾಡಿಯನ್ನು ತಮ್ಮಿಷ್ಟಕ್ಕೆ ಮಾರ್ಪಾಡು ಮಾಡುವಂತಿಲ್ಲ. ಬಣ್ಣವೂ ಆರ್‌ಸಿಯಲ್ಲಿರುವ ಒಂದು ವಿವರ. ಬಣ್ಣ ಬದಲಾಗಿದ್ದು ಪೇಂಟ್‌ನಿಂದಲೋ ವಿನೈಲ್‌ನಿಂದಲೋ ಅನ್ನುವುದು ರಸ್ತೆಯಲ್ಲಿ ನಿಂತು ನೋಡುವವರಿಗೆ ಗೊತ್ತಾಗುವುದಿಲ್ಲ. ಯಾರಿಗೋ ಗುದ್ದಿ ಗಾಡಿ ಓಡಿಹೋಯಿತು ಅಂದುಕೊಳ್ಳಿ. ನೋಡಿದವರು ಪೊಲೀಸರಿಗೆ "ಕೆಂಪು ಏಸ್" ಅಂತಾರೆ. ದಾಖಲೆಯಲ್ಲಿ ಹುಡುಕಿದರೆ ಅದು ಬಿಳಿ. ಬಣ್ಣದ ವಿಷಯದಲ್ಲಿ ಆಫೀಸಿನವರು ಯಾಕೆ ಇಷ್ಟು ಬಿಗಿ ಅಂತ ನನಗೆ ಅರ್ಥವಾಗಿದ್ದು ಹೀಗೆ ಯೋಚಿಸಿದಾಗ.

"ಅರ್ಧ ಗಾಡಿವರೆಗೆ ಅಂಟಿಸಬಹುದಂತೆ" ಅನ್ನುವ ಮಾತು ನಮ್ಮ ಲೈನಿನಲ್ಲಿ ತುಂಬಾ ಓಡಾಡುತ್ತದೆ. ಆ ಕಲಮಿನಲ್ಲಿ ಅರ್ಧ, ಕಾಲು ಅನ್ನುವ ಯಾವ ಅಳತೆಯೂ ಇಲ್ಲ. ಹಾಗಾಗಿ ನಾನೇ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ನಾಲ್ಕೂ ಕಡೆಯಿಂದ ನೋಡಿದಾಗ ಗಾಡಿಯ ಬಣ್ಣ ಯಾವುದು ಅಂತ ಕೇಳಿದರೆ, ಸಣ್ಣ ಮಗು ಕೂಡ ಆರ್‌ಸಿಯಲ್ಲಿರುವ ಬಣ್ಣವನ್ನೇ ಹೇಳಬೇಕು. ಬಿಳಿ ಗಾಡಿಗೆ ಪಕ್ಕದಲ್ಲಿ ಪಟ್ಟಿ, ಹೆಸರು, ಫೋನ್ ನಂಬರ್, ಹಿಂಬಾಗಿಲಿಗೆ ಒಂದು ಚಿತ್ರ. ಕ್ಯಾಬಿನ್ ಮುಟ್ಟುವುದಿಲ್ಲ. ಇಷ್ಟು ಸಾಕು ಅನ್ನುವುದು ನನ್ನ ಅನುಭವ. ಬಿಳಿ ಜಾಗ ಜಾಸ್ತಿ ಇದ್ದಷ್ಟೂ ಹೆಸರು ದೂರದಿಂದ ಎದ್ದು ಕಾಣುತ್ತದೆ.

ಇಲ್ಲ, ಪೂರ್ತಿ ಬಣ್ಣವೇ ಬೇಕು ಅನ್ನುವವರಿಗೂ ದಾರಿ ಇದೆ. ಗಾಡಿ ನೋಂದಣಿಯಾದ ಆರ್‌ಟಿಒ ಆಫೀಸಿಗೆ ಅರ್ಜಿ ಹಾಕಿ, ಗಾಡಿ ತೋರಿಸಿ, ಆರ್‌ಸಿಯಲ್ಲಿ ಬಣ್ಣ ಬದಲಾಯಿಸಿಕೊಳ್ಳಬೇಕು. ಸಾಲದ ಮೇಲಿರುವ ಗಾಡಿಯಾದರೆ ಸಾಲ ಕೊಟ್ಟವರ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಸುಮ್ನೆ ಅಂಟಿಸಿಕೊಂಡು ಓಡಾಡಿದರೆ ಏನಾಗಬಹುದು? 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ, ನಿಯಮ ಮೀರಿ ಮಾಡಿದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಬೀಳಬಹುದು. ಕೇಸು ಅಂಟಿಸಿದ ನಮ್ಮ ಮೇಲಲ್ಲ, ಮಾಲೀಕರ ಮೇಲೆ. ಅದಕ್ಕೇ ನಾನು ಹೇಳದೆ ಬಿಡುವುದಿಲ್ಲ.

ಇನ್ನೊಂದು ಪ್ರಶ್ನೆ: ಗಾಡಿ ಮೇಲೆ ಬರುವುದು ಯಾರ ಹೆಸರು? ನಿಮ್ಮ ಬೇಕರಿಯ ಗಾಡಿ ಮೇಲೆ ನಿಮ್ಮ ಬೇಕರಿ ಹೆಸರಿದ್ದರೆ ಅದು ಗುರುತು. ನಿಮ್ಮ ಆಟೋ ಮೇಲೆ ಯಾರದೋ ಸೀರೆ ಅಂಗಡಿ ಹೆಸರಿದ್ದು, ಅದಕ್ಕೆ ತಿಂಗಳಿಗಿಷ್ಟು ಅಂತ ದುಡ್ಡು ಬರುತ್ತಿದ್ದರೆ ಅದು ಜಾಹೀರಾತು. ಆಟೋ, ಕ್ಯಾಬ್‌ನಂಥ ಯೆಲ್ಲೋ ಬೋರ್ಡ್ ಗಾಡಿಗಳ ಮೇಲೆ ಇಂಥ ಜಾಹೀರಾತು ಹಾಕಲು ಸಾರಿಗೆ ಇಲಾಖೆಯ ಅನುಮತಿ ಬೇಕು. ಏಜೆನ್ಸಿಯವರು "ಎಲ್ಲ ನಾವು ನೋಡ್ಕೋತೀವಿ" ಅಂತಾರೆ. ದಾರಿಯಲ್ಲಿ ಗಾಡಿ ಹಿಡಿದಾಗ ಏಜೆನ್ಸಿಯವರು ಅಲ್ಲಿರುವುದಿಲ್ಲ, ಡ್ರೈವರ್ ಅಣ್ಣ ಒಬ್ಬನೇ ಇರುತ್ತಾನೆ. ಅನುಮತಿ ಪತ್ರದ ಜೆರಾಕ್ಸ್ ಕೊಡದ ಏಜೆನ್ಸಿಯ ಕೆಲಸ ನಾನು ಮಾಡುವುದಿಲ್ಲ. ವೈಟ್ ಬೋರ್ಡ್ ಕಾರಿಗೆ ಬಾಡಿಗೆ ಜಾಹೀರಾತು ಅಂಟಿಸಿ ಅಂತ ಬಂದರೂ ಅದೇ ಉತ್ತರ.

"ಸರ್ಕಾರಿ ಬಸ್ ಮೇಲೆ ಇಡೀ ಜಾಹೀರಾತು ಇರುತ್ತಲ್ವಾ?" ಅಂತ ಕೇಳುವವರಿದ್ದಾರೆ. ಅಲ್ಲಿ ಬಸ್ಸಿನ ಮಾಲೀಕರಾದ ನಿಗಮದವರೇ ಟೆಂಡರ್ ಕರೆದು ಜಾಗ ಕೊಡುತ್ತಾರೆ. ಅದನ್ನು ನಮ್ಮ ಗಾಡಿಗೆ ಹೋಲಿಸೋಕೆ ಬರುವುದಿಲ್ಲ.

ಆರ್‌ಟಿಒ ಮುಗಿದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಲ್ಲಿ ಸಾರ್ವಜನಿಕರಿಗೆ ಕಾಣುವ ಜಾಹೀರಾತಿಗೆ ಪಾಲಿಕೆ ಆಯುಕ್ತರ ಅನುಮತಿ ಬೇಕು ಅಂತಿದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಜಾಹೀರಾತು ತೆರಿಗೆ ಹೋಯಿತು, ಹಾಗಾಗಿ ಪಾಲಿಕೆಗೆ ಹೋಗಬೇಕಿಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಹೋಗಿದ್ದು ತೆರಿಗೆ, ಅನುಮತಿ ಹೋಗಿಲ್ಲ. ಊರೂರು ಸುತ್ತುವ ಪ್ರಚಾರದ ಗಾಡಿಯಾದರೆ ಇದನ್ನು ಖಂಡಿತ ಕೇಳಿ. ಅದಕ್ಕೆ ಮೈಕ್ ಕಟ್ಟಿದರೆ ಬರಹದಲ್ಲಿ ಬೇರೆ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕುವಂತಿಲ್ಲ.

ಇನ್ನು ವಿನೈಲ್ ತಾಗಬಾರದ ಜಾಗಗಳು. ನಂಬರ್ ಪ್ಲೇಟ್ ಮತ್ತು ಲೈಟು ಎಲ್ಲರಿಗೂ ಗೊತ್ತು. ಮರೆತುಹೋಗುವುದು ರಿಫ್ಲೆಕ್ಟರ್ ಟೇಪ್. ಗೂಡ್ಸ್ ಗಾಡಿಗೆ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಟೇಪ್ ಇರುತ್ತದೆ. ಡಿಸೈನ್ ನೀಟಾಗಿ ಕಾಣಲಿ ಅಂತ ಅದರ ಮೇಲೇ ಅಂಟಿಸಿದ ಗಾಡಿಗಳನ್ನು ನೋಡಿದ್ದೇನೆ. ರಾತ್ರಿ ಹೈವೇ ಪಕ್ಕ ಕೆಟ್ಟು ನಿಂತ ಗಾಡಿಯನ್ನು ಹಿಂದಿನಿಂದ ಬರುವವರಿಗೆ ತೋರಿಸುವುದು ಆ ಎರಡು ಇಂಚು ಟೇಪೇ. ದಯವಿಟ್ಟು ಮುಚ್ಚಿಸಬೇಡಿ. ಬಾಗಿಲ ಹತ್ತಿರ ಬರೆದಿರುವ ಮಾಲೀಕರ ಹೆಸರು, ಗಾಡಿ ತೂಕ, ಎಫ್‌ಸಿ ತಾರೀಖು ಮುಚ್ಚಿಹೋದರೆ ಮತ್ತೆ ಬರೆಸಬೇಕು.

ಗಾಜಿನ ಮೇಲೆ ಒನ್ ವೇ ವಿಷನ್ ಹಾಕಿ ಅಂತಾರೆ, ಸಣ್ಣ ತೂತುಗಳ ಆ ಶೀಟು. ಮುಂದಿನ ಮತ್ತು ಹಿಂದಿನ ಗಾಜಿನಿಂದ ಕನಿಷ್ಠ 70, ಪಕ್ಕದ ಗಾಜಿನಿಂದ 50 ಪರ್ಸೆಂಟ್ ಬೆಳಕು ಒಳಗೆ ಬರಲೇಬೇಕು ಅಂತ ನಿಯಮವಿದೆ. ಆ ಶೀಟಿನಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ ಮುಚ್ಚಿಯೇ ಇರುತ್ತದೆ. 70 ಎಲ್ಲಿಂದ ಬರಬೇಕು? ಅಂಗಡಿಯ ಗಾಜಿಗೆ ಅದು ಚೆನ್ನ, ಗಾಡಿಗಲ್ಲ.

ಅಕ್ಷರದ ಬಗ್ಗೆಯೂ ಒಂದು ಮಾತು. ಒಬ್ಬರು ಔಷಧಿ ಮಾರುವವರು ಓಮ್ನಿ ಮೇಲೆ "ಸಕ್ಕರೆ ಕಾಯಿಲೆ ಪೂರ್ತಿ ಗುಣ" ಅಂತ ಬರೆಸಲು ಬಂದಿದ್ದರು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಂಥ ಜಾಹೀರಾತೇ ಅಪರಾಧ. ಅದನ್ನು ನಂಬಿ ಇನ್ಸುಲಿನ್ ಬಿಟ್ಟವರ ಗತಿ ಏನು? ಅಂಗಡಿ ಹೆಸರು, ಫೋನ್ ನಂಬರ್ ಮಾತ್ರ ಹಾಕಿಕೊಟ್ಟೆ.

ಕೊನೆಗೆ, ಖರ್ಚಿಲ್ಲದ ಒಂದು ಕೆಲಸ. ಪ್ರಿಂಟ್ ಹೊಡೆಯುವ ಮುಂಚೆ ಡಿಸೈನನ್ನು ನಾಲ್ಕೂ ಕಡೆಯಿಂದ ಒಂದೇ ಹಾಳೆಯಲ್ಲಿ ತೆಗೆಸಿ. ಆರ್‌ಸಿ ಜೆರಾಕ್ಸ್ ಜೊತೆ ಕನ್ನಡದಲ್ಲೇ ಎರಡು ಪ್ರತಿ ಅರ್ಜಿ ಬರೆದು ಆರ್‌ಟಿಒ ಆಫೀಸಿನಲ್ಲಿ ಕೊಡಿ. ಒಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಆಫೀಸಿನವರು ಬೇಡ ಅಂದರೆ ಹಾಳಾಗುವುದು ಒಂದು ಹಾಳೆ, ಒಪ್ಪಿದರೆ ಆ ಪತ್ರವನ್ನು ಇನ್ಶೂರೆನ್ಸ್ ಕಾಗದದ ಜೊತೆ ಗಾಡಿಯಲ್ಲೇ ಇಡಿ. ಆಮೇಲೆ ಗಾಡಿ ತನ್ನಿ, ಬಿಸಿಲೇರುವ ಮುಂಚೆ ಶುರು ಮಾಡೋಣ.