ಮನೆಯಲ್ಲೇ ಡಿಸ್ಟಾರ್ಷನ್ ಪೆಡಲ್ ಮಾಡಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

ಓದುಗರ ಪ್ರಶ್ನೆ: ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಡಿಸ್ಟಾರ್ಷನ್ ಪೆಡಲನ್ನು ನಾನೇ ಕೈಯಾರೆ ಮಾಡಬೇಕು ಅಂತ ಆಸೆ. ಆದರೆ ನಾನು ಓದಿದ್ದು ಕಾಮರ್ಸ್, ಎಲೆಕ್ಟ್ರಾನಿಕ್ಸ್ ಗಂಧಗಾಳಿ ಇಲ್ಲ. ಇದು ನನ್ನಿಂದ ಆಗುತ್ತಾ? ಮೊದಲು ಯಾವ ಪೆಡಲ್ ಮಾಡಲಿ?

ಖಂಡಿತ ಆಗುತ್ತದೆ. ಗಿಟಾರ್ ಮತ್ತು ಆಂಪ್ಲಿಫೈಯರ್ (ಆಂಪ್) ನಡುವೆ ಕೂತು ಸದ್ದನ್ನು ಒಡೆಸುವ ಡಬ್ಬಿಯೇ ಡಿಸ್ಟಾರ್ಷನ್ ಪೆಡಲ್. ಬೇರೆ ಆಡಿಯೊ ಸರ್ಕ್ಯೂಟ್‌ಗಳಲ್ಲಿ ಸಿಗ್ನಲ್ ಕೆಡದ ಹಾಗೆ ಕಾಯಬೇಕು. ಇಲ್ಲಿ ಬೇಕಂತಲೇ ಕೆಡಿಸುವುದೇ ಕೆಲಸ. ಅದಕ್ಕೆ ನಾಲ್ಕಾರು ಬಿಡಿಭಾಗ ಸಾಕು. ನಡೆಯುವುದು 9 ವೋಲ್ಟ್ ಬ್ಯಾಟರಿಯಲ್ಲಿ, ಹಾಗಾಗಿ ಶಾಕ್ ಹೊಡೆಯುವ ಭಯ ಇಲ್ಲ. (ಗಾಜಿನ ಟ್ಯೂಬ್‌ಗಳಿರುವ ವಾಲ್ವ್ ಆಂಪ್ ಮಾತ್ರ ಬಿಚ್ಚಲು ಹೋಗಬೇಡಿ. ಅದರೊಳಗೆ ನೂರಾರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.)

ಯಾವ ಪೆಡಲ್ ಅನ್ನುವುದಕ್ಕೆ ನನ್ನ ಉತ್ತರ: ಹೆಸರಾಂತ ಪೆಡಲ್‌ನ ನಕಲು ಬೇಡ. ಟ್ಯೂಬ್ ಸ್ಕ್ರೀಮರ್ ಕಿಟ್ ತರಿಸಿ, ಹಾಳೆಯಲ್ಲಿ ಬರೆದ ಹಾಗೆ ಬೆಸುಗೆ ಹಾಕಿದರೆ ಪೆಡಲ್ ಬರುತ್ತದೆ, ನಿಜ. ಆದರೆ ಯಾವ ಭಾಗ ಏನು ಮಾಡುತ್ತಿದೆ ಅಂತ ಗೊತ್ತಾಗುವುದಿಲ್ಲ. ಸದ್ದು ಬರದಿದ್ದರಂತೂ ಅಲ್ಲೇ ಕೈಚೆಲ್ಲಿ ಕೂರಬೇಕು. ಅದರ ಬದಲು ಒಂದೇ ಟ್ರಾನ್ಸಿಸ್ಟರ್‌ನ (ಸಿಗ್ನಲ್ ದೊಡ್ಡದು ಮಾಡುವ ಮೂರು ಕಾಲಿನ ಬಿಡಿಭಾಗ) ಸರ್ಕ್ಯೂಟನ್ನು ಬ್ರೆಡ್‌ಬೋರ್ಡ್ ಅನ್ನುವ ತೂತುಗಳ ಹಲಗೆ ಮೇಲೆ ಕಟ್ಟಿ. ಬೆಸುಗೆ ಬೇಡ, ಡಬ್ಬಿ ಬೇಡ. ಕಾಲು ಚುಚ್ಚುವುದು, ಕೇಳುವುದು, ಕಿತ್ತು ಬೇರೆ ಹಾಕುವುದು, ಅಷ್ಟೇ.

ಮೊದಲು ಈ ಸದ್ದು ಎಲ್ಲಿಂದ ಬರುತ್ತದೆ ಅಂತ ನೋಡೋಣ. ಗಿಟಾರ್ ಪಿಕಪ್‌ನಿಂದ ಬರುವುದು ಸುಮಾರು 0.1 ವೋಲ್ಟ್, ಜೋರಾಗಿ ಮೀಟಿದರೆ ಅದರ ಕೆಲವು ಪಟ್ಟು. ಇದನ್ನು ದೊಡ್ಡದು ಮಾಡಿ, ಒಂದು ಮಟ್ಟ ದಾಟಿದ್ದನ್ನು ಕತ್ತರಿಸಿಬಿಟ್ಟರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆ ಹೊಸ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡು, ಮೂರು ಪಟ್ಟಿನ ಹಾಗೆ ಇರುವ ಮೇಲಿನ ಸ್ವರಗಳು) ಹುಟ್ಟುತ್ತವೆ. ಕಿವಿಗೆ ಆ ಗರಗರ, ಆ ತುಂಬಿದ ಸದ್ದು ಬರುವುದು ಅದರಿಂದ. ಇದು ಪೆಡಲ್ ರೂಪಕ್ಕೆ ಬಂದದ್ದೂ ಆಕಸ್ಮಿಕವಾಗಿಯೇ. 1960ರ ಸುಮಾರಿಗೆ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದಾಗ ಮಿಕ್ಸರ್‌ನ ಟ್ರಾನ್ಸ್‌ಫಾರ್ಮರ್ ಕೆಟ್ಟು ಸದ್ದು ಒಡೆಯಿತು. ಆ ರೆಕಾರ್ಡಿಂಗ್ ಹಾಗೇ ಉಳಿಯಿತು, ಜನ ಮೆಚ್ಚಿದರು. ಎಂಜಿನಿಯರ್ ಗ್ಲೆನ್ ಸ್ನೋಡಿ ಅದೇ ಸದ್ದನ್ನು ಟ್ರಾನ್ಸಿಸ್ಟರ್‌ಗಳಿಂದ ಮಾಡಿ ತೋರಿಸಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮಾಯಸ್ಟ್ರೊ ಫಝ್-ಟೋನ್ ಅಂತ ಮಾರುಕಟ್ಟೆಗೆ ತಂದಿತು.

ಈಗ ಸರ್ಕ್ಯೂಟ್. ನಮ್ಮಲ್ಲಿ ಎಲ್ಲ ಕಡೆ ಸಿಗುವ ಬಿಸಿ547 ಟ್ರಾನ್ಸಿಸ್ಟರ್ ತೆಗೆದುಕೊಳ್ಳಿ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಇದನ್ನು ಚೆನ್ನಾಗಿ ನೆನಪಿಡಿ. ಅಮೆರಿಕದ ಚಿತ್ರಗಳಲ್ಲಿ ಕಾಣುವ 2ಎನ್3904ರಲ್ಲಿ ಕಾಲುಗಳ ಕ್ರಮ ಇದಕ್ಕೆ ಪೂರ್ತಿ ಉಲ್ಟಾ.

ಗಿಟಾರ್ ಜ್ಯಾಕ್‌ನಿಂದ ಬೇಸ್‌ಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಹೋಗಿ. ಕೆಪಾಸಿಟರ್ ಮೇಲೆ 104 ಅಂತ ಬರೆದಿರುತ್ತದೆ. ಬೇಸ್ ಮತ್ತು ಕಲೆಕ್ಟರ್ ನಡುವೆ 2.2 ಮೆಗಾಓಮ್ ರೆಸಿಸ್ಟರ್. ಕಲೆಕ್ಟರ್‌ನಿಂದ ಬ್ಯಾಟರಿಯ ಪ್ಲಸ್‌ಗೆ 10 ಕಿಲೋಓಮ್. ಎಮಿಟರ್‌ನಿಂದ ಗ್ರೌಂಡ್‌ಗೆ (ಅಂದರೆ ಬ್ಯಾಟರಿಯ ಮೈನಸ್ ಕಡೆಗೆ) 390 ಓಮ್. ಕಲೆಕ್ಟರ್‌ನಿಂದಲೇ ಇನ್ನೊಂದು 104 ಕೆಪಾಸಿಟರ್ ಹೊರಗೆ ಬರಲಿ. ಅದರಾಚೆ ಎರಡು 1ಎನ್4148 ಡಯೋಡ್‌ಗಳು ಗ್ರೌಂಡ್‌ಗೆ, ಒಂದರ ಕಪ್ಪು ಪಟ್ಟಿ ಮೇಲೆ, ಇನ್ನೊಂದರದ್ದು ಕೆಳಗೆ. ಅದೇ ಜಾಗದಿಂದ 100 ಕಿಲೋಓಮ್ ಪಾಟ್‌ನ (ವಾಲ್ಯೂಮ್‌ಗೆ ತಿರುಗಿಸುವ ಮೂರು ಕಾಲಿನ ಭಾಗ) ಒಂದು ಹೊರಗಾಲಿಗೆ, ಇನ್ನೊಂದು ಹೊರಗಾಲು ಗ್ರೌಂಡ್‌ಗೆ. ನಡುವಿನ ಕಾಲಿನಿಂದ ಆಂಪ್‌ಗೆ. ಬ್ಯಾಟರಿಯ ಮೈನಸ್ ಮತ್ತು ಎರಡೂ ಜ್ಯಾಕ್‌ಗಳ ಗ್ರೌಂಡ್ ಒಂದೇ ಕಡೆ ಸೇರಬೇಕು.

ಬ್ಯಾಟರಿ ಹಾಕಿದ ಕೂಡಲೇ ವೋಲ್ಟ್ ಅಳೆಯುವ ಮಲ್ಟಿಮೀಟರ್‌ನ ಕಪ್ಪು ಕಡ್ಡಿ ಗ್ರೌಂಡ್‌ಗೆ ಇಟ್ಟು, ಕೆಂಪು ಕಡ್ಡಿಯಿಂದ ಕಲೆಕ್ಟರ್ ಮುಟ್ಟಿ ನೋಡಿ. 3ರಿಂದ 5 ವೋಲ್ಟ್ ಇದ್ದರೆ ಸರಿ. ಪೂರ್ತಿ 9 ಅಥವಾ ಹೆಚ್ಚುಕಡಿಮೆ ಸೊನ್ನೆ ತೋರಿಸಿದರೆ ಟ್ರಾನ್ಸಿಸ್ಟರ್ ಕಾಲು ಅದಲುಬದಲಾಗಿದೆ, ಇಲ್ಲವೇ ಯಾವುದೋ ರೆಸಿಸ್ಟರ್ ತಪ್ಪಿದೆ.

ಇನ್ನು ನುಡಿಸಿ. ಇಲ್ಲಿಂದ ಮುಂದಿನದ್ದೇ ನನಗೆ ಈ ಹವ್ಯಾಸದಲ್ಲಿ ಅತಿ ಪ್ರಿಯವಾದ ಭಾಗ. ಎರಡೂ ಡಯೋಡ್ ಕಿತ್ತು ನೋಡಿ: ಸದ್ದು ದೊಡ್ಡದಾಗುತ್ತದೆ, ಮೆಲ್ಲಗೆ ಮೀಟಿದರೆ ಸ್ವಚ್ಛವಾಗಿಯೂ ಇರುತ್ತದೆ. ವಾಪಸ್ ಹಾಕಿ: ಸದ್ದು ಒತ್ತಿಕೊಂಡು ಗರಗರ ಶುರು. ಸಿಲಿಕಾನ್ ಡಯೋಡ್ 0.6 ವೋಲ್ಟ್ ಆಸುಪಾಸಿನಲ್ಲಿ ಅಲೆಯನ್ನು ಕತ್ತರಿಸುತ್ತದೆ. ಕೆಂಪು ಎಲ್‌ಇಡಿ ಹಾಕಿದರೆ ಸುಮಾರು 1.7 ವೋಲ್ಟ್‌ವರೆಗೆ ಬಿಡುತ್ತದೆ, ಹಾಗಾಗಿ ಬೆರಳಿನ ಏರಿಳಿತ ಜಾಸ್ತಿ ಉಳಿಯುತ್ತದೆ, ವಾಲ್ಯೂಮೂ ಜಾಸ್ತಿ. ಜರ್ಮೇನಿಯಂ ಡಯೋಡ್ 0.3ರ ಸುಮಾರಿಗೇ ಮೆತ್ತಗೆ ಕತ್ತರಿಸಲು ತೊಡಗುತ್ತದೆ. ಇನ್ನೊಂದು ಪ್ರಯೋಗ: ಒಂದು ಕಡೆ ಒಂದೇ ಡಯೋಡ್, ಇನ್ನೊಂದು ಕಡೆ ಎರಡು ಡಯೋಡ್ ಸಾಲಾಗಿ. ಆಗ ಅಲೆಯ ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ ಮಟ್ಟದಲ್ಲಿ ಕತ್ತರಿಸಲ್ಪಟ್ಟು ಸಮ ಸಂಖ್ಯೆಯ ಹಾರ್ಮೋನಿಕ್‌ಗಳೂ ಸೇರುತ್ತವೆ. ಒಂದು ಸಂಜೆ ಹೀಗೆ ಕೂತರೆ ಸಾವಿರಾರು ರೂಪಾಯಿಯ ಪೆಡಲ್‌ಗಳ ನಡುವೆ ಇರುವ ವ್ಯತ್ಯಾಸ ಎಂಥದ್ದು ಅಂತ ಕಿವಿಗೇ ಅರ್ಥವಾಗುತ್ತದೆ.

ಜರ್ಮೇನಿಯಂ ಹೆಸರಲ್ಲಿ ದುಡ್ಡು ಜಾಸ್ತಿ ಕೇಳುತ್ತಾರೆ. ಕೊಳ್ಳುವ ಮೊದಲು ಮಲ್ಟಿಮೀಟರ್‌ನ ಡಯೋಡ್ ಮೋಡ್‌ನಲ್ಲಿ ಅಳೆಯಿರಿ. 0.6 ತೋರಿಸಿದರೆ ಅದು ಬರೀ ಸಿಲಿಕಾನ್.

ಸದ್ದೇ ಬರದಿದ್ದರೆ? ಎಲ್ಲವನ್ನೂ ಕಿತ್ತು ಮತ್ತೆ ಕಟ್ಟಬೇಡಿ. ಆಂಪ್‌ಗೆ ಹೋಗುವ ಕೇಬಲ್‌ನ ತುದಿಗೆ ಒಂದು 104 ಕೆಪಾಸಿಟರ್ ಸಿಕ್ಕಿಸಿ, ಅದರ ಇನ್ನೊಂದು ಕಾಲನ್ನೇ ಸೂಜಿಯ ಹಾಗೆ ಬಳಸಿ. ಕೇಬಲ್‌ನ ಗ್ರೌಂಡ್ ಸರ್ಕ್ಯೂಟಿನ ಗ್ರೌಂಡ್‌ಗೆ ಸೇರಿರಲಿ, ಆಂಪ್ ವಾಲ್ಯೂಮ್ ಕಡಿಮೆ ಇರಲಿ. ಎರಡೂ ಕೈ ಬಿಡುವಾಗಿರಲಿ ಅಂತ ಗಿಟಾರ್ ಬದಲು ಫೋನಿನಿಂದ ಸಣ್ಣ ವಾಲ್ಯೂಮ್‌ನಲ್ಲಿ ಒಂದು ಹಾಡು ಬಿಡಿ. ಈಗ ಮೊದಲ ಜ್ಯಾಕ್ ಮುಟ್ಟಿ: ಹಾಡು ಕೇಳಬೇಕು. ಬೇಸ್ ಮುಟ್ಟಿ: ಕೇಳಬೇಕು. ಕಲೆಕ್ಟರ್ ಮುಟ್ಟಿ: ಜೋರಾಗಿ ಕೇಳಬೇಕು. ಎಲ್ಲಿ ಹಾಡು ನಿಂತಿತೋ ಅದಕ್ಕೂ ಹಿಂದಿನ ಜಾಗಕ್ಕೂ ನಡುವೆಯೇ ತಪ್ಪು ಇದೆ. ಸರ್ಕ್ಯೂಟ್ ಎಷ್ಟೇ ದೊಡ್ಡದಿರಲಿ, ಹುಡುಕುವ ದಾರಿ ಇದೇ.

ಮನಸ್ಸಿಗೆ ಒಪ್ಪುವ ಸದ್ದು ಸಿಕ್ಕ ಮೇಲೆ ಜನರಲ್ ಪರ್ಪಸ್ ಬೋರ್ಡ್‌ಗೆ (ಬೆಸುಗೆ ಹಾಕುವ ತೂತುಗಳ ಬೋರ್ಡ್) ವರ್ಗಾಯಿಸಿ. ಬೆಸುಗೆ ಹಾಕುವಾಗ ಐರನ್ ತುದಿ ತಂತಿಯನ್ನೂ ತಾಮ್ರದ ಬಳೆಯನ್ನೂ ಒಟ್ಟಿಗೆ ಮುಟ್ಟಬೇಕು. ಎರಡೂ ಬಿಸಿಯಾದ ಮೇಲೆ ಸೋಲ್ಡರ್ ತಾಗಿಸಿದರೆ ಅದು ತಾನೇ ಹರಿದು ಹೊಳೆಯುತ್ತಾ ಕೂರುತ್ತದೆ. ಐರನ್ ತುದಿಯಲ್ಲಿ ಸೋಲ್ಡರ್ ಕರಗಿಸಿಕೊಂಡು ಬಂದು ಮೆತ್ತಿದರೆ ಗುಂಡಗೆ ಮುದ್ದೆಯಾಗುತ್ತದೆ, ಆಮೇಲೆ ಕೈ ಕೊಡುತ್ತದೆ. ಸೀಸ ಇರುವ ಸೋಲ್ಡರ್ ಆದರೆ ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಕಿಟಕಿ ತೆಗೆದಿರಲಿ.

ಡಬ್ಬಿ ಲೋಹದ್ದೇ ಇರಬೇಕು ಮತ್ತು ಗ್ರೌಂಡ್‌ಗೆ ಸೇರಿರಬೇಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಂಯ್ ಅನ್ನುವ ಸದ್ದು ತಪ್ಪುವುದಿಲ್ಲ. ಒಳಬರುವ ಕಡೆ ಸ್ಟೀರಿಯೊ ಜ್ಯಾಕ್ ಹಾಕಿ, ಬ್ಯಾಟರಿಯ ಮೈನಸ್ ತಂತಿಯನ್ನು ಅದರ ನಡುವಿನ ಸಂಪರ್ಕಕ್ಕೆ ಕೊಡಿ. ಗಿಟಾರ್‌ನ ಮೊನೊ ಪ್ಲಗ್ ಚುಚ್ಚಿದಾಗ ಮಾತ್ರ ಬ್ಯಾಟರಿ ಸೇರುತ್ತದೆ, ಪ್ಲಗ್ ತೆಗೆದರೆ ಆಫ್. ಅಡಾಪ್ಟರ್ ಬಳಸುವುದಾದರೆ ನೋಡಿಕೊಳ್ಳಿ: ಪೆಡಲ್‌ಗಳಲ್ಲಿ ನಡುವಿನ ಪಿನ್ ಮೈನಸ್ ಇರುವುದು ವಾಡಿಕೆ, ಮನೆಯಲ್ಲಿರುವ ಎಷ್ಟೋ ಅಡಾಪ್ಟರ್‌ಗಳಲ್ಲಿ ಅದು ಪ್ಲಸ್. ಪ್ಲಸ್ ದಾರಿಯಲ್ಲಿ ಒಂದು 1ಎನ್5817 ಡಯೋಡ್ ಹಾಕಿದರೆ ಉಲ್ಟಾ ಕೊಟ್ಟರೂ ಏನೂ ಸುಡುವುದಿಲ್ಲ. ಕಾಲಲ್ಲಿ ಒತ್ತುವ ಸ್ವಿಚ್‌ಗೆ ಸಾಮಾನ್ಯವಾಗಿ ಒಂಬತ್ತು ಕಾಲಿನ 3ಪಿಡಿಟಿ ಅನ್ನುವ ಬಗೆ ಬಳಸುತ್ತಾರೆ. ಅದರ ವೈರಿಂಗ್ ತಲೆ ತಿನ್ನುತ್ತದೆ, ಸರ್ಕ್ಯೂಟ್ ಸರಿಯಾಗಿ ನಡೆದ ಮೇಲೆಯೇ ಅದಕ್ಕೆ ಕೈ ಹಾಕಿ.

ಎರಡನೆಯ ಪೆಡಲ್‌ಗೆ 741 ಐಸಿಯ (ಸಿಗ್ನಲ್ ದೊಡ್ಡದು ಮಾಡುವ ಚಿಪ್) ಸರ್ಕ್ಯೂಟ್ ಹಿಡಿಯಿರಿ. ಎಮ್‌ಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್, ಡಿಒಡಿ 250 ಎರಡೂ ಇದೇ ಜಾತಿ, ಪೂರ್ತಿ ತಿರುಗಿಸಿದರೆ ಗಿಟಾರ್ ಸಿಗ್ನಲ್ಲನ್ನು ಸುಮಾರು 200 ಪಟ್ಟು ದೊಡ್ಡದು ಮಾಡುತ್ತವೆ. ಅಲ್ಲೂ ಕೊನೆಗೆ ಗ್ರೌಂಡ್‌ಗೆ ಇಳಿಯುವುದು ನೀವು ಆಗಲೇ ಪಳಗಿಸಿಕೊಂಡ ಅದೇ ಜೋಡಿ ಡಯೋಡ್. ಟ್ಯೂಬ್ ಸ್ಕ್ರೀಮರ್‌ನಲ್ಲಿ ಆ ಜೋಡಿ ಐಸಿಯ ಫೀಡ್‌ಬ್ಯಾಕ್ ದಾರಿಯಲ್ಲಿ (ಹೊರಬಂದ ಸಿಗ್ನಲ್ ಮತ್ತೆ ಒಳಕ್ಕೆ ಮರಳುವ ದಾರಿ) ಕೂತಿರುತ್ತದೆ. ಅದರ ಸದ್ದು ಮೃದುವಾಗಿರಲು ಅದೂ ಒಂದು ಕಾರಣ.

ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರಸ್ತೆಗೆ ಹೋಗಿ, ಮೇಲೆ ಹೇಳಿದ್ದೆಲ್ಲ ಬಹುಪಾಲು ಒಂದೇ ಓಡಾಟಕ್ಕೆ ಸಿಗುತ್ತದೆ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಬಿಸಿ547, 1ಎನ್4148, 104 ಕೆಪಾಸಿಟರ್ ಇವನ್ನು ಹತ್ತು ಹತ್ತು ತಗೊಳ್ಳಿ, ಬಿಡಿಯಾಗಿ ಇವುಗಳ ಬೆಲೆ ತೀರಾ ಕಡಿಮೆ. ಮೂರ್ನಾಲ್ಕು ಬಣ್ಣದ ಎಲ್‌ಇಡಿಗಳೂ ಚೀಟಿಯಲ್ಲಿರಲಿ. ಬಣ್ಣ ಬದಲಾದರೆ ಕತ್ತರಿಸುವ ವೋಲ್ಟೇಜೂ ಬದಲಾಗುತ್ತದೆ.